ಕೇಸಿಂಗ್ ಸೋರಿದರೆ ಯಾವ ಪೇಸ್ಟ್?

ಎಂಜಿನ್, ಗೇರ್‌ಬಾಕ್ಸ್ ಸೋರಿಕೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ನನ್ನದು 2021ರ 150 ಸಿಸಿ ಬೈಕ್. ಕ್ಲಚ್ ಕವರ್ ಅಂಚಿನಲ್ಲಿ ಆಯಿಲ್ ಜಿನುಗುತ್ತಿತ್ತು. ಹತ್ತಿರದ ಗ್ಯಾರೇಜಿನಲ್ಲಿ ಕವರ್ ಬಿಚ್ಚಿ, ಹಾರ್ಡ್‌ವೇರ್ ಅಂಗಡಿಯಿಂದ ತಂದ ಬಿಳಿ ಸಿಲಿಕಾನ್ ಹಚ್ಚಿ ಕೂಡಿಸಿದರು. ಎರಡೇ ತಿಂಗಳಲ್ಲಿ ಮತ್ತೆ ಜಿನುಗು. ಈಗ ಎಂಜಿನ್ ಲೈಟೂ ಹೊತ್ತಿಕೊಂಡಿದೆ. ಒಂದಕ್ಕೊಂದು ಸಂಬಂಧ ಇದೆಯಾ ಸರ್?
— ಓದುಗರು, ರಾಜಾಜಿನಗರ

ಜಿನುಗಿಗೆ ಕಾರಣ ಬಹುಮಟ್ಟಿಗೆ ಆ ಸಿಲಿಕಾನೇ. ಲೈಟಿಗೂ ಅದೇ ಕಾರಣ ಇರಬಹುದು. ಅದನ್ನು ಸ್ಕ್ಯಾನರ್ ಹಾಕಿ ಕೋಡ್ ನೋಡದೆ ಹೇಳಲಾಗದು.

ಕಿಟಕಿ, ಬಾತ್‌ರೂಮಿಗೆ ಬಳಸುವ ಅಗ್ಗದ ಸಿಲಿಕಾನ್ ಹೆಚ್ಚಾಗಿ ಅಸಿಟಾಕ್ಸಿ ಜಾತಿಯದು. ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಹಚ್ಚಿದ ಹತ್ತು ನಿಮಿಷ ವಿನಿಗರ್ ವಾಸನೆ ಮೂಗಿಗೆ ಹೊಡೆದರೆ ಅದು ಇದೇ ಎಂದು ತಿಳಿಯಿರಿ. ಈ ಆಮ್ಲ ಕವರ್ ಕೂರುವ ಅಲ್ಯೂಮಿನಿಯಮ್ ಮುಖವನ್ನು ತಿಂದು ತೆಳುವಾದ ಬಿಳಿ ಪುಡಿ ಕಟ್ಟಿಸುತ್ತದೆ. ಸಿಲಿಕಾನ್ ಹಿಡಿದಿರುವುದು ಆ ಪುಡಿಯನ್ನು, ಲೋಹವನ್ನಲ್ಲ. ಸಾಲದ್ದಕ್ಕೆ ಅದನ್ನು ಬಿಸಿ ಆಯಿಲಿನಲ್ಲಿ ನೆನೆಯಲೆಂದು ಮಾಡಿಲ್ಲ. ಊದಿಕೊಂಡು ಮೆತ್ತಗಾಗಿ, ಉಗುರಿನಲ್ಲಿ ಎತ್ತಿದರೆ ಪಟ್ಟಿಯ ಹಾಗೆ ಎದ್ದು ಬರುತ್ತದೆ.

ಇನ್ನು ಎಂಜಿನ್ ಲೈಟಿನ ವಿಷಯ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ನಿಮ್ಮಂಥ ಬೈಕುಗಳ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಕೇಸಿಂಗ್ ಒಳಗಿನ ಆವಿ ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಎಂಜಿನ್ನಿಗೆ ಸೇರಿ ಉರಿಯುತ್ತದೆ. ಆ ಆವಿಯಲ್ಲಿ ಸಿಲಿಕಾನ್ ಅಂಶ ಇದ್ದರೆ ಉರಿದ ಮೇಲೆ ಸಿಲಿಕಾ ಆಗಿ ಸೆನ್ಸರ್ ತುದಿಯಲ್ಲಿ ಬಿಳಿಚು ಪದರ ಕಟ್ಟುತ್ತದೆ. ಆಮೇಲೆ ಸೆನ್ಸರ್ ಹೊಗೆಯನ್ನು ಸರಿಯಾಗಿ ಓದುವುದಿಲ್ಲ. ಹೀಗೆ ಕೆಟ್ಟ ಸೆನ್ಸರನ್ನು ತೊಳೆದು ಸರಿ ಮಾಡಲು ಬರುವುದಿಲ್ಲ, ಬದಲಿಸಬೇಕು. ಎಂಜಿನ್ನಿಗೆ ಸಿಲಿಕಾನ್ ಕೊಳ್ಳುವಾಗ ಟ್ಯೂಬಿನ ಮೇಲೆ ಎರಡು ಮಾತು ಹುಡುಕಿ: ‘ನ್ಯೂಟ್ರಲ್ ಕ್ಯೂರ್’ (ಆಕ್ಸೈಮ್ ಅಥವಾ ಆಲ್ಕಾಕ್ಸಿ ಎಂದೂ ಇರಬಹುದು) ಮತ್ತು ‘ಸೆನ್ಸರ್ ಸೇಫ್’. ಮೊದಲನೆಯದು ಲೋಹ ಉಳಿಸುತ್ತದೆ, ಎರಡನೆಯದು ಸೆನ್ಸರ್ ಉಳಿಸುತ್ತದೆ. ನ್ಯೂಟ್ರಲ್ ಆದದ್ದೆಲ್ಲ ಸೆನ್ಸರ್ ಸೇಫ್ ಆಗಿರಬೇಕೆಂದಿಲ್ಲ.

ಹಾಗೆ ನೋಡಿದರೆ ನಿಮ್ಮ ಕ್ಲಚ್ ಕವರಿಗೆ ಪೇಸ್ಟೇ ಬೇಕಾಗಿರಲಿಲ್ಲ. ಅಲ್ಲಿ ಸಾಮಾನ್ಯವಾಗಿ ಕಾಗದದ ಪ್ಯಾಕಿಂಗ್ ಇರುತ್ತದೆ. ಕಂಪನಿಯ ಹೊಸ ಪ್ಯಾಕಿಂಗನ್ನು ಒಣಗಿದ ಮುಖಕ್ಕೆ ಹಾಗೇ ಇಟ್ಟು ಕೂಡಿಸಿ. ಪೇಸ್ಟ್ ಹಚ್ಚಿದರೆ ಪ್ಯಾಕಿಂಗ್ ಜಾರಿ ಹೊರಗೆ ಇಣುಕುತ್ತದೆ. ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆ ಕವರ್ ಮುಖಕ್ಕೆ ಬಂದು ಮುಟ್ಟುವ ಎರಡು ಜಾಗ ಇರುತ್ತವಲ್ಲ, ಸರ್ವಿಸ್ ಪುಸ್ತಕ ಹೇಳಿದ್ದರೆ ಅಲ್ಲಿಗೆ ಮಾತ್ರ ಒಂದೊಂದು ಚುಕ್ಕೆ ಸಿಲಿಕಾನ್.

ಕವರ್ ಬಿಚ್ಚಿದಾಗ ಆಯಿಲ್ ಸ್ಟ್ರೇನರ್ ತೆಗೆದು ನೋಡಲು ಮರೆಯಬೇಡಿ. ಒಳಗಡೆಗೆ ಉಬ್ಬಿದ್ದ ಸಿಲಿಕಾನ್ ತುಂಡಾಗಿ ಶಾವಿಗೆ ಎಳೆಗಳಂತೆ ಜಾಲರಿಗೆ ಸುತ್ತಿಕೊಂಡಿದ್ದರೆ ಪಂಪಿಗೆ ಆಯಿಲ್ ಸಿಗುತ್ತಿಲ್ಲ ಎಂದರ್ಥ. ಜಿನುಗಿಗಿಂತ ಇದು ದೊಡ್ಡ ಅಪಾಯ. ಜಿನುಗಿದರೆ ಹೊರಗೆ ಕಾಣುತ್ತದೆ, ಜಾಲರಿ ಕಟ್ಟಿಕೊಂಡರೆ ಬೇರಿಂಗ್ ಹೋದಾಗಲೇ ಗೊತ್ತಾಗುವುದು.

ಪ್ರಶ್ನೆ: ನಮ್ಮದು ಸಣ್ಣ ವರ್ಕ್‌ಶಾಪ್. ಯಂತ್ರಗಳ ಗೇರ್‌ಬಾಕ್ಸ್ ರಿಪೇರಿ ಮಾಡುತ್ತೇವೆ. ಅಲ್ಯೂಮಿನಿಯಮ್ ಕೇಸಿಂಗ್‌ಗಳಿಗೆ ಸಿಲಿಕಾನ್ ಒಳ್ಳೆಯದೋ ಅನ್‌ಏರೋಬಿಕ್ ಒಳ್ಳೆಯದೋ? ಗಿರಾಕಿಗಳು ‘ಗಟ್ಟಿ ಇರೋದು ಹಾಕಿ’ ಅಂತಾರೆ.
— ಓದುಗರು, ಪೀಣ್ಯ

ಗಟ್ಟಿತನ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೇಸಿಂಗನ್ನು ಹಿಡಿದಿಡುವುದು ಬೋಲ್ಟು. ಪೇಸ್ಟಿನ ಕೆಲಸ ಎರಡು ಮುಖಗಳ ನಡುವಿನ ಸಂದು ಮುಚ್ಚುವುದಷ್ಟೆ. ಹಾಗಾಗಿ ನಾಲ್ಕು ವಿಷಯ ನೋಡಿ: ಸಂದು ಎಷ್ಟು, ಎರಡೂ ಬದಿ ಒಂದೇ ಲೋಹವೇ, ಒಳಗಿರುವ ಆಯಿಲ್ ಯಾವುದು, ಮೂಲದಲ್ಲಿ ಅಲ್ಲಿ ಪ್ಯಾಕಿಂಗ್ ಇತ್ತೇ.

ಮಿಲ್ಲಿಂಗ್ ಮಾಡಿದ ಎರಡು ಅಲ್ಯೂಮಿನಿಯಮ್ ಮುಖಗಳು ಲೋಹಕ್ಕೆ ಲೋಹ ತಾಗಿ ಕೂರುವಂತಿದ್ದರೆ ಅನ್‌ಏರೋಬಿಕ್ಕೇ ಸರಿ. ಲಾಕ್‌ಟೈಟ್ 515, 518 ಈ ಜಾತಿಯವು. ಗಾಳಿ ಸಿಗದ ಕಡೆ, ಲೋಹಕ್ಕೆ ತಾಗಿ ಗಟ್ಟಿಯಾಗುವ ಗುಣ ಇವುಗಳದ್ದು. ಹೊರಗೆ ಉಬ್ಬಿದ್ದು ದ್ರವವಾಗೇ ಉಳಿಯುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಳಗೆ ಉಬ್ಬಿದ್ದು ಆಯಿಲಿನಲ್ಲಿ ಬೆರೆತು ಹೋಗುತ್ತದೆ. ಸಿಲಿಕಾನಿನಂತೆ ತುಂಡು ಬಿದ್ದು ಎಣ್ಣೆದಾರಿ ಕಟ್ಟುವ ಭಯ ಇಲ್ಲ. ಗೇರ್‌ಬಾಕ್ಸಿನಲ್ಲಿ ಇದೇ ದೊಡ್ಡ ಲಾಭ. ಬಿಸಿ 150 ಡಿಗ್ರಿವರೆಗೆ ಇವು ತಡೆಯುತ್ತವೆ. ಅದಕ್ಕೂ ಹೆಚ್ಚು ಕಾಯುವ ಕಡೆ 510 ಇದೆ, ಅದು ಸುಮಾರು 200 ಡಿಗ್ರಿಯದು. ಚೆನ್ನೈನ ಅನಾಬಾಂಡ್ ಕಂಪನಿಯದೂ ಇಂಥ ಪೇಸ್ಟ್‌ಗಳಿವೆ. ಯಾವ ಕಂಪನಿಯದಾದರೂ ‘ಫ್ಲ್ಯಾಂಜ್ ಸೀಲಂಟ್’ ಎಂದಿರುವುದನ್ನೇ ಕೇಳಿ. ನಟ್ ಬಿಗಿಗೆ ಹಾಕುವ ಥ್ರೆಡ್‌ಲಾಕರ್ ತಂದು ಮುಖಕ್ಕೆ ಹಚ್ಚಿದರೆ ಮುಂದಿನ ಸಲ ಕೇಸಿಂಗ್ ಬಿಚ್ಚಲು ಉಳಿ ಹಿಡಿಯಬೇಕಾಗುತ್ತದೆ.

ಇವುಗಳ ಮಿತಿ ಸುಮಾರು 0.25 ಮಿ.ಮೀ. ಸಂದು. ನಮ್ಮ ಸಲಹೆ ಅದರ ಹತ್ತಿರಕ್ಕೂ ಹೋಗಬೇಡಿ. ಸ್ಟ್ರೇಟ್ ಎಡ್ಜ್ ಇಟ್ಟು 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ತೂರದಿದ್ದರೆ ನಿಶ್ಚಿಂತೆ, 0.1 ತೂರಿದರೆ ಮೊದಲು ಮುಖ ಸರಿಮಾಡಿಸಿ. ಹಿಂದೆ ಯಾರೋ ಸ್ಕ್ರೂಡ್ರೈವರ್ ತೂರಿಸಿ ಮೀಟಿ ಬಿಚ್ಚಿದ ಗುರುತು ಬಹಳ ಕೇಸಿಂಗ್‌ಗಳಲ್ಲಿ ಇರುತ್ತದೆ. ಅಲ್ಲಿ ಗೀರಿನ ಅಂಚು ಎದ್ದು ನಿಂತು ಸುತ್ತಲಿನ ಮುಖವನ್ನೇ ಕೂರಲು ಬಿಡುವುದಿಲ್ಲ. ಎದ್ದ ಅಂಚನ್ನು ಸಣ್ಣ ಎಣ್ಣೆಗಲ್ಲಿನಲ್ಲಿ ಸಮ ಮಾಡಿದರೆ ಅರ್ಧ ತೊಂದರೆ ಮುಗಿಯಿತು. ಬೇರಿಂಗ್ ರಂಧ್ರ ಎರಡು ಹೋಳುಗಳಲ್ಲಿ ಅರ್ಧರ್ಧ ಕೊರೆದಿರುವ ಕೇಸಿಂಗ್ ಆದರೆ ಮುಖವನ್ನು ಎಮರಿ ಪೇಪರಿಗೆ ಹಾಕಿ ಉಜ್ಜಲೇಬೇಡಿ, ರಂಧ್ರ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅದೇ ಕಾರಣಕ್ಕೆ ಅಲ್ಲಿ ದಪ್ಪ ಸಿಲಿಕಾನೂ ಬೇಡ.

ಕೇಸಿಂಗ್ ಅಲ್ಯೂಮಿನಿಯಮ್ಮಿನದು, ಕವರ್ ಎರಕದ ಕಬ್ಬಿಣದ್ದು ಎಂದಾದರೆ ಲೆಕ್ಕ ಬೇರೆ. 300 ಮಿ.ಮೀ. ಉದ್ದದ ಮುಖ 80 ಡಿಗ್ರಿ ಕಾದಾಗ ಅಲ್ಯೂಮಿನಿಯಮ್ ಸುಮಾರು 0.55 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ ಸುಮಾರು 0.26. ಎರಡರ ನಡುವೆ 0.3 ಮಿ.ಮೀ. ಹತ್ತಿರ ಜಾರಾಟ, ದಿನಕ್ಕೆ ಎಷ್ಟು ಸಲ ಕಾದು ಆರುತ್ತದೋ ಅಷ್ಟು ಸಲ. ಅನ್‌ಏರೋಬಿಕ್ಕಿನ ತೆಳು ಪದರ ಇದನ್ನು ಬಹಳ ದಿನ ಸಹಿಸುವುದಿಲ್ಲ. ಇಂಥ ಕಡೆ, ಹಾಗೆಯೇ ಬಾಗುವ ತಗಡಿನ ಕವರ್‌ಗಳಿಗೆ, ಆಯಿಲ್ ತಡೆಯುವ ನ್ಯೂಟ್ರಲ್ ಸಿಲಿಕಾನ್ ಹಾಕಿ. ಪ್ಲಾಸ್ಟಿಕ್ ಕವರಿಗೆ ಅನ್‌ಏರೋಬಿಕ್ ಮುಟ್ಟಿಸಲೇಬಾರದು. ಲೋಹವಿಲ್ಲದೆ ಅದು ಗಟ್ಟಿಯಾಗದು, ಕೆಲವು ಪ್ಲಾಸ್ಟಿಕ್ ಅದರಿಂದ ಬಿರಿಯುತ್ತವೆ.

ಕೊನೆಯದು, ತಪ್ಪಿದರೆ ದುಬಾರಿಯದು: ಮೂಲದಲ್ಲಿ ಪ್ಯಾಕಿಂಗ್ ಇದ್ದ ಕಡೆ ಅದನ್ನು ಬಿಟ್ಟು ಬರೀ ಪೇಸ್ಟ್ ಹಾಕಬೇಡಿ. ಬೇರಿಂಗ್ ಕವರಿನ ಕೆಳಗಿನ 0.3 ಮಿ.ಮೀ. ಪ್ಯಾಕಿಂಗ್ ಶಿಮ್ಮಿನ (ಅಂತರ ಹೊಂದಿಸುವ ತೆಳು ಬಿಲ್ಲೆಯ) ಕೆಲಸವನ್ನೂ ಮಾಡುತ್ತಿರುತ್ತದೆ. ಅದನ್ನು ತೆಗೆದರೆ ಕವರ್ ಅಷ್ಟೇ ಒಳಗೆ ಹೋಗಿ ಟೇಪರ್ ಬೇರಿಂಗನ್ನು ಒತ್ತುತ್ತದೆ. ಲೀಕ್ ನಿಲ್ಲುತ್ತದೆ, ಬೇರಿಂಗ್ ಕಾದು ನೀಲಿಯಾಗುತ್ತದೆ.

ಎಷ್ಟು ಬೇಕು ಎಂಬುದಕ್ಕೂ ಲೆಕ್ಕ ಇದೆ. ಮುಖದ ಸುತ್ತಳತೆ 1 ಮೀಟರ್, ಅಗಲ 15 ಮಿ.ಮೀ., ಪದರ 0.1 ಮಿ.ಮೀ. ಎಂದಿಟ್ಟುಕೊಂಡರೂ 1.5 ಮಿ.ಲೀ. ಆಯಿತು. 50 ಮಿ.ಲೀ. ಬಾಟಲಿಯಲ್ಲಿ ಮೂವತ್ತು ಕೇಸಿಂಗ್ ಮುಗಿಯಬೇಕು. ನಿಮ್ಮಲ್ಲಿ ಐದಾರಕ್ಕೇ ಖಾಲಿಯಾಗುತ್ತಿದ್ದರೆ ಹುಡುಗರು ಅತಿಯಾಗಿ ಹಚ್ಚುತ್ತಿದ್ದಾರೆ.

ಪ್ರಶ್ನೆ: ಮನೆಯಲ್ಲೇ ಕಾರಿನ ಆಯಿಲ್ ಚೇಂಬರ್ (ಎಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿ ಸಿಲಿಕಾನ್ ಹಚ್ಚಬೇಕೆಂದಿದ್ದೇನೆ. ಸರಿಯಾದ ಕ್ರಮ ತಿಳಿಸಿ. ಮಳೆಗಾಲದಲ್ಲಿ ಹಚ್ಚಬಹುದೇ?
— ಓದುಗರು, ವಿದ್ಯಾರಣ್ಯಪುರ

ಹಚ್ಚುವುದು ಐದು ನಿಮಿಷದ ಕೆಲಸ. ಮುಖ ಶುಚಿ ಮಾಡುವುದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ.

ಹಳೆಯ ಸಿಲಿಕಾನ್ ಪೂರ್ತಿ ಹೋಗಬೇಕು, ಏಕೆಂದರೆ ಗಟ್ಟಿಯಾದ ಸಿಲಿಕಾನಿಗೆ ಹೊಸ ಸಿಲಿಕಾನ್ ಸರಿಯಾಗಿ ಕಚ್ಚುವುದಿಲ್ಲ. ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಡ್ರಿಲ್ ಮಷಿನ್ನಿಗೆ ಉಜ್ಜುವ ಡಿಸ್ಕ್ ಸಿಕ್ಕಿಸಿ ಎಂಜಿನ್ ಕಡೆಯ ಮುಖವನ್ನು ಉಜ್ಜುವ ಅಭ್ಯಾಸ ಬಹಳ ಕಡೆ ಇದೆ, ಅದು ಬೇಡ. ಅಲ್ಯೂಮಿನಿಯಮ್ ಗುಂಡಿ ಬೀಳುತ್ತದೆ, ಡಿಸ್ಕಿನಿಂದ ಉದುರಿದ ಮರಳಿನಂಥ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಬ್ರೇಕ್ ಕ್ಲೀನರ್ ಹಾಕಿದ ಬಿಳಿ ಬಟ್ಟೆಯಲ್ಲಿ, ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಒರೆಸಿ. ಪೆಟ್ರೋಲ್ ಬೇಡ, ಜಿಡ್ಡಿನಂಶ ಉಳಿಸಿ ಹೋಗುತ್ತದೆ, ಬೆಂಕಿಯ ಭಯ ಬೇರೆ. ಎಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಇಡೀ ರಾತ್ರಿ ಸೋರಲು ಬಿಟ್ಟು ಬೆಳಿಗ್ಗೆ ಹಚ್ಚಿ.

ತಗಡಿನ ಚೇಂಬರ್ ಆದರೆ ಬೋಲ್ಟ್ ರಂಧ್ರಗಳ ಸುತ್ತ ನೋಡಿ. ಅತಿಯಾಗಿ ಬಿಗಿದು ಬಿಗಿದು ಅಲ್ಲಿ ತಗಡು ಎಂಜಿನ್ ಕಡೆಗೆ ಉಬ್ಬಿರುತ್ತದೆ. ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ.

ನಾಝಲನ್ನು 3 ಮಿ.ಮೀ. ದಾರ ಬರುವಂತೆ ಕತ್ತರಿಸಿ. ಒಂದೇ ಎಳೆ, ಎಲ್ಲೂ ತುಂಡಾಗದಂತೆ, ಬೋಲ್ಟ್ ರಂಧ್ರಗಳ ಒಳಬದಿಯಲ್ಲಿ ಹಾಯಿಸಿ. ಮೀಟರ್ ಸುತ್ತಳತೆಗೆ 7 ಮಿ.ಲೀ. ಸಾಕು. ಬೆರಳಿನಿಂದ ಹರಡಬೇಡಿ. ಆಚೆ ತುದಿ ಮುಚ್ಚಿರುವ, ಅರ್ಧ ಕೊರೆದ ಬೋಲ್ಟ್ ರಂಧ್ರಗಳ ಒಳಗೆ ಸಿಲಿಕಾನಾಗಲಿ ಆಯಿಲಾಗಲಿ ತುಂಬಿರಬಾರದು. ಬೋಲ್ಟ್ ಇಳಿಯುವಾಗ ಅದು ಹೊರಬರಲು ದಾರಿಯಿಲ್ಲದೆ ಕೇಸಿಂಗನ್ನೇ ಸೀಳುತ್ತದೆ.

ಸಿಲಿಕಾನ್ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದು. ಹಾಗಾಗಿ ಮಳೆಗಾಲ ಅಡ್ಡಿಯಲ್ಲ, ಮುಖಕ್ಕೆ ನೀರಹನಿ ತಾಗದಿದ್ದರೆ ಸರಿ. ಆದರೆ ಜುಲೈ, ಆಗಸ್ಟಿನಲ್ಲಿ ಮೇಲ್ಪದರ ಬೇಗ ಚರ್ಮ ಕಟ್ಟುತ್ತದೆ. ಐದು ನಿಮಿಷದೊಳಗೆ ಚೇಂಬರ್ ಕೂರಿಸಿ. ಚರ್ಮ ಕಟ್ಟಿದ ಮೇಲೆ ಕೂರಿಸಿದ್ದು ಕೆಲಸಕ್ಕೆ ಬಾರದು, ಒರೆಸಿ ಮತ್ತೆ ಹಚ್ಚಬೇಕು. ಬೆಂಗಳೂರಿನ ಮಾರ್ಚ್ ತಿಂಗಳ ಒಣ ಹವೆಯಲ್ಲಿ ಇದು ತಿರುಗುಮುರುಗು: ಹಚ್ಚಲು ಸಮಯ ಸಿಗುತ್ತದೆ, ಒಳಗಿನವರೆಗೆ ಗಟ್ಟಿಯಾಗಲು 24 ಗಂಟೆಯೂ ಸಾಲದೆ ಹೋಗಬಹುದು. ಕೂರಿಸಿದ ಕೂಡಲೇ ಪೂರ್ತಿ ಬಿಗಿಯಬೇಕೋ, ಕೈಬಿಗಿ ಮಾಡಿ ಗಂಟೆ ಕಾದು ಬಿಗಿಯಬೇಕೋ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಟ್ಯೂಬಿನ ಮೇಲಿರುವುದನ್ನೇ ಪಾಲಿಸಿ. ಬಿಗಿಯುವಾಗ ನಡುವಿನಿಂದ ಅಂಚಿಗೆ, ಎದುರುಬದುರಾಗಿ. ಪುಸ್ತಕ ಸಿಗದಿದ್ದರೆ 6 ಮಿ.ಮೀ. ಬೋಲ್ಟಿಗೆ ಅಲ್ಯೂಮಿನಿಯಮ್ಮಿನಲ್ಲಿ 8ರಿಂದ 10 ನ್ಯೂಟನ್ ಮೀಟರ್ ದಾಟಬೇಡಿ. ಮಾರನೆಯ ದಿನ ಆಯಿಲ್ ತುಂಬಿ.

ಕೈಗೆ ನೈಟ್ರೈಲ್ ಗ್ಲೌಸ್ ಇರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಕೂತು ಹಚ್ಚಬೇಡಿ. ಆಕ್ಸೈಮ್ ಜಾತಿಯ ಸಿಲಿಕಾನ್ ಆರುವಾಗ ಹೊರಡುವ ಆವಿಯ ಮುಖ್ಯ ಅಂಶವನ್ನು ಐರೋಪ್ಯ ಒಕ್ಕೂಟ ಕ್ಯಾನ್ಸರ್ ಕಾರಕಗಳ ಸಾಲಿಗೆ ಸೇರಿಸಿದೆ, ಆ ವರ್ಗೀಕರಣ 2022ರಿಂದ ಜಾರಿಯಲ್ಲಿದೆ. ವರ್ಷಕ್ಕೊಮ್ಮೆ ಹಚ್ಚುವವರು ಗಾಬರಿಯಾಗಬೇಕಿಲ್ಲ. ದಿನವಿಡೀ ಇದೇ ಕೆಲಸದಲ್ಲಿರುವ ಹುಡುಗರಿಗೆ ಕಿಟಕಿ, ಫ್ಯಾನು ಬೇಕೇ ಬೇಕು.

ಪ್ರಶ್ನೆ: ಮೂರು ಸಲ ಸೀಲ್ ಮಾಡಿಸಿದರೂ ಮೂರು ಸಲವೂ ಅದೇ ಜಾಗದಲ್ಲಿ ಆಯಿಲ್. ಪ್ರತಿ ಸಲ ಬೇರೆ ಬೇರೆ ಕಂಪನಿಯ ಪೇಸ್ಟ್ ಹಾಕಿದರು. ಇನ್ನು ಯಾವುದು ಉಳಿದಿದೆ?
— ಓದುಗರು, ಜಯನಗರ

ಪೇಸ್ಟಿನ ದೋಷವಾಗಿದ್ದರೆ ಮೂರರಲ್ಲಿ ಒಂದಾದರೂ ನಿಲ್ಲುತ್ತಿತ್ತು. ಬ್ರೀದರ್ ನೋಡಿಸಿ. ಬ್ರೀದರ್ ಪೈಪು ಅಥವಾ ಪಿಸಿವಿ ವಾಲ್ವ್ (ಕೇಸಿಂಗಿನ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ಮಸಿ ಕಟ್ಟಿದ್ದರೆ ಕೇಸಿಂಗಿನೊಳಗೆ ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲ್ ದಬ್ಬುತ್ತದೆ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಬುಸ್ಸೆಂದು ಗಾಳಿ ಹೊರಕ್ಕೆ ನುಗ್ಗಿದರೆ ಬ್ರೀದರ್ ಕಟ್ಟಿದೆ ಅಥವಾ ಪಿಸ್ಟನ್ ರಿಂಗ್ ಸವೆದಿದೆ.

ಇನ್ನೊಂದು ಸಾಧ್ಯತೆ, ಸೋರುತ್ತಿರುವುದು ಅಲ್ಲಿಂದಲೇ ಅಲ್ಲ. ಮೇಲಿನ ವಾಲ್ವ್ ಕವರಿನಿಂದ ಇಳಿದ ಆಯಿಲ್ ಚೇಂಬರಿನ ಅಂಚಿಗೆ ಬಂದು ತೊಟ್ಟಿಕ್ಕುತ್ತದೆ. ಇಡೀ ಎಂಜಿನ್ ತೊಳೆಸಿ, ಒಣಗಿಸಿ, ಎಂಜಿನ್ ಆಫ್ ಇದ್ದಾಗ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ ಪೌಡರಿನ ಮೇಲೆ ಆಯಿಲಿನ ದಾರಿ ಮೇಲಿನಿಂದ ಕೆಳಕ್ಕೆ ಗೆರೆ ಎಳೆದಂತೆ ಕಾಣುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಒದ್ದೆಯಾಗಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿರಬಹುದು. ಅದಕ್ಕೆ ಹೊರಗಿನಿಂದ ಎಷ್ಟು ಪೇಸ್ಟ್ ಮೆತ್ತಿದರೂ ಗೇರ್‌ಬಾಕ್ಸ್ ಇಳಿಸದೆ ಪರಿಹಾರವಿಲ್ಲ.

ಪ್ರಶ್ನೆ: ಹಳೆಯ ಯೆಜ್ಡಿ 250 ಎಂಜಿನ್ ಪೂರ್ತಿ ಬಿಚ್ಚಿಸಿದ್ದೇನೆ. ಕ್ರ್ಯಾಂಕ್‌ಕೇಸಿಗೆ ಬೂದು ಬಣ್ಣದ ಸಿಲಿಕಾನ್ ಹಾಕುತ್ತೇನೆ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?
— ಓದುಗರು, ಮಲ್ಲೇಶ್ವರಂ

ಬೇಡ. ಟೂ-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನೊಳಗೆ ಪೆಟ್ರೋಲ್ ಮಿಶ್ರಣವೇ ಓಡಾಡುತ್ತದೆ. ಸಾಧಾರಣ ಸಿಲಿಕಾನ್ ಪೆಟ್ರೋಲಿನಲ್ಲಿ ಊದಿ ಮೆತ್ತಗಾಗುತ್ತದೆ, ಚೂರುಗಳು ಪಿಸ್ಟನ್ ಕಡೆ ಹೋಗುತ್ತವೆ. ಸಂದಿನಿಂದ ಗಾಳಿ ಎಳೆಯತೊಡಗಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇಲ್ಲಿ ಲೀಕ್ ಎಂದರೆ ನೆಲದ ಮೇಲಿನ ಕಲೆ ಮಾತ್ರ ಅಲ್ಲ.

ಮೈಸೂರಿನಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ತಯಾರಿಕೆ ನಿಲ್ಲಿಸಿದ್ದು 1996ರಲ್ಲಿ. ಅಂದರೆ ನಿಮ್ಮ ಕೇಸಿಂಗಿಗೆ ಕಡಿಮೆಯೆಂದರೂ ಅಷ್ಟು ವಯಸ್ಸು. ಮುಖದಲ್ಲಿ ಗೀರು ಇದ್ದೇ ಇರುತ್ತದೆ. ಗೀರು ಸಣ್ಣದಾದರೆ ಪೆಟ್ರೋಲ್ ತಡೆಯುವ ಅನ್‌ಏರೋಬಿಕ್ ಫ್ಲ್ಯಾಂಜ್ ಸೀಲಂಟ್. ಅಥವಾ ಎಂದೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವ ಜಾತಿ. 1950ರ ದಶಕದಲ್ಲಿ ರೋಲ್ಸ್ ರಾಯ್ಸ್ ಜೊತೆಗೂಡಿ ರೂಪಿಸಿದ ಹೈಲೊಮಾರ್ ಈ ಎರಡನೆಯ ಗುಂಪಿನದು. ಎರಡೂ ಮುಖಕ್ಕೆ ತೆಳುವಾಗಿ ಹಚ್ಚಿ, ದ್ರಾವಕ ಆರಲು ಕೆಲವು ನಿಮಿಷ ಬಿಟ್ಟು ಕೂಡಿಸಬೇಕು. ಮುಂದೆ ಬಿಚ್ಚುವುದೂ ಸುಲಭ.

ಕೂಡಿಸಿದ ಮೇಲೆ ಚಾಸಿಗೆ ಏರಿಸುವ ಮೊದಲು ಒತ್ತಡ ಪರೀಕ್ಷೆ ಮಾಡಿಸಿ. ನಿಮ್ಮದಕ್ಕೆ ಸೈಲೆನ್ಸರ್ ಬಾಯಿ ಎರಡು. ಎರಡನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ, ಕಾರ್ಬುರೇಟರ್ ಬಾಯಿಯಿಂದ 6 ಪಿಎಸ್‌ಐ ಗಾಳಿ ಕೊಡಿ. ಸೈಕಲ್ ಪಂಪು, ಸಣ್ಣ ಗೇಜು ಸಾಕು. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪುನೀರು ಹಾಕಿ ಗುಳ್ಳೆ ಹುಡುಕಿ. 6ಕ್ಕಿಂತ ಬಹಳ ಮೇಲೆ ಹೋಗಬೇಡಿ, ಆಯಿಲ್ ಸೀಲ್ ಎದ್ದು ಬಂದೀತು. ಗುಳ್ಳೆ ಬಹಳ ಸಲ ಕಾಣಿಸುವುದು ಕೇಸಿಂಗ್ ಗೆರೆಯಲ್ಲಿ ಅಲ್ಲ, ಡೈನಮೊ ಬದಿಯ ಆಯಿಲ್ ಸೀಲಿನಲ್ಲಿ. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಎಳೆದು ಹೊಗೆ ಕಕ್ಕುತ್ತದೆ. ಎಂಜಿನ್ ಬಿಚ್ಚಿರುವಾಗ ಎರಡನ್ನೂ ಹೊಸತು ಹಾಕಿಸಿಬಿಡಿ.

ಪ್ರಶ್ನೆ: ರೋಡ್ ಹಂಪ್‌ಗೆ ತಾಗಿ ಅಲ್ಯೂಮಿನಿಯಮ್ ಆಯಿಲ್ ಚೇಂಬರ್ ಬಿರುಕು ಬಿಟ್ಟಿದೆ. ಎಂ-ಸೀಲ್ ಹಚ್ಚಿದರೆ ಸಾಕೇ?
— ಓದುಗರು, ಬೊಮ್ಮನಹಳ್ಳಿ

ಗಾಡಿಯನ್ನು ಗ್ಯಾರೇಜಿಗೆ ಮುಟ್ಟಿಸಲು ಸಾಕು, ಅದೂ ಆಯಿಲ್ ಖಾಲಿ ಮಾಡಿ, ಜಿಡ್ಡು ತೆಗೆದು ಹಚ್ಚಿದರೆ. ಬಿಸಿಗೆ ಅಲ್ಯೂಮಿನಿಯಮ್ಮೂ ಆ ಪುಟ್ಟಿಯೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಅಂಚು ಬಿಡುತ್ತದೆ. ಆಮೇಲೆ ಆರ್ಗನ್ ವೆಲ್ಡಿಂಗ್ ಅಥವಾ ಹೊಸ ಚೇಂಬರ್. ವೆಲ್ಡಿಂಗಿಗೆ ಕೊಡುವ ಮುನ್ನ ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆಯಬೇಡಿ. ಆ ಆವಿ ವೆಲ್ಡಿಂಗ್ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ. ಆಲ್ಕೊಹಾಲ್ ಅಥವಾ ಸೋಪುನೀರಿನಿಂದ ತೊಳೆದು ಒಣಗಿಸಿ ಕೊಡಿ.

ಪ್ರಶ್ನೆ: ಕಪ್ಪು, ಕೆಂಪು, ಬೂದು, ನೀಲಿ ಸಿಲಿಕಾನ್‌ಗಳಲ್ಲಿ ಗೇರ್‌ಬಾಕ್ಸಿಗೆ ಯಾವುದು?
— ಓದುಗರು, ಕೆಂಗೇರಿ

ಬಣ್ಣಕ್ಕೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ನಿಯಮವಿಲ್ಲ. ಒಬ್ಬರ ಬೂದು ಇನ್ನೊಬ್ಬರ ಕಪ್ಪಿಗೆ ಸಮ ಇದ್ದೀತು. ಟ್ಯೂಬಿನ ಮೇಲೆ ಗೇರ್ ಆಯಿಲ್ ಅಥವಾ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ತಡೆಯುತ್ತದೆ ಎಂದು ಬರೆದಿದೆಯೇ ನೋಡಿ. ಬರೀ ‘ಹೈ ಟೆಂಪರೇಚರ್’ ಎಂದಿದ್ದರೆ ಅದು ಬಿಸಿಯ ಮಾತಾಯಿತು, ಆಯಿಲಿನ ಮಾತಾಗಲಿಲ್ಲ.

ಪ್ರಶ್ನೆ: ಜೆ.ಸಿ. ರಸ್ತೆಯಲ್ಲಿ ಅನ್‌ಏರೋಬಿಕ್ ಪೇಸ್ಟ್ ಕೊಂಡೆ. ಸೀಲ್ ಒಡೆಯದ ಬಾಟಲಿ, ಆದರೂ ಅರ್ಧಕ್ಕೆ ಸ್ವಲ್ಪ ಹೆಚ್ಚು ಮಾತ್ರ ತುಂಬಿದೆ. ಮೋಸ ಹೋದೆನೇ?
— ಓದುಗರು, ಹನುಮಂತನಗರ

ಇಲ್ಲ. ಗಾಳಿ ಇಲ್ಲದಿದ್ದರೆ ಗಟ್ಟಿಯಾಗುವ ವಸ್ತು ಅದು. ಬಾಟಲಿ ಪೂರ್ತಿ ತುಂಬಿದರೆ ಒಳಗೇ ಕಲ್ಲಾಗುತ್ತದೆ. ಅದಕ್ಕೇ ಜಾಗ ಬಿಟ್ಟಿರುತ್ತಾರೆ, ಬಾಟಲಿಯೂ ಗಾಳಿಯಾಡುವ ಮೆದು ಪ್ಲಾಸ್ಟಿಕ್ಕಿನದು. ಮೇಲಿನ ಲೇಬಲ್ ಓದಿ, ಒಳಗಿನ ಪ್ರಮಾಣ ಅದರಲ್ಲಿರುವಷ್ಟೇ ಇದ್ದರೆ ಸರಿ. ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ನೋಡಿ ಕೊಳ್ಳಿ. ಉಳಿದದ್ದನ್ನು ತಗಡಿನ ಡಬ್ಬಿಗೆ ಸುರಿದಿಡಬೇಡಿ. ಹಚ್ಚುವಾಗ ಬಾಟಲಿಯ ಮೂತಿ ಕೇಸಿಂಗಿಗೆ ತಾಗಿದ್ದರೆ ಒರೆಸಿಯೇ ಮುಚ್ಚಿ. ಲೋಹದ ಪುಡಿ ಒಂದಿಷ್ಟು ಒಳಗೆ ಹೋದರೂ ಬಾಟಲಿಯಲ್ಲಿರುವುದು ಗಟ್ಟಿಯಾಗತೊಡಗುತ್ತದೆ. ಬಾಟಲಿಯಿಂದ ಹೊರತೆಗೆದು ಉಳಿದದ್ದನ್ನು ಮರಳಿ ಒಳಗೆ ಹಾಕುವುದೂ ಬೇಡ.